ಜಾಗ ಖಾಲಿ ಇತ್ತು, ಪಟ್ಟಿ ತುಂಬಿತ್ತು

ನಮ್ಮ ಬೀದಿಯ ನಿವೃತ್ತ ಮೇಷ್ಟ್ರ ಲ್ಯಾಪ್‌ಟಾಪನ್ನು ಕೆಡಿಸಿದವನು ನಾನೇ. ಊರಿನ ಹೆಂಗಸರು ಹಾಡುತ್ತಿದ್ದ ಸೋಬಾನೆ ಪದಗಳನ್ನು ಅವರು ಅದರಲ್ಲಿ ‘ನುಡಿ’ಯಲ್ಲಿ ಟೈಪ್ ಮಾಡಿಟ್ಟಿದ್ದರು. ವಿಂಡೋಸ್ 7 ಆಗಾಗ ಕೈಕೊಡತೊಡಗಿದಾಗ, “ಒಂದ್ಸಲ ನೋಡಿಕೊಡಪ್ಪ” ಎಂದು ತಂದುಕೊಟ್ಟರು. ಇಡೀ ಸಿಸ್ಟಮ್ಮಿನ ಪ್ರತಿ ತೆಗೆದಿಟ್ಟು, ಕೆಟ್ಟಾಗ ಮೊದಲಿನ ಸ್ಥಿತಿಗೆ ತರುವ ರಿಕವರಿ ಸಾಫ್ಟ್‌ವೇರ್ ಹಾಕಿಬಿಡೋಣ ಎಂದುಕೊಂಡೆ. ಅದಕ್ಕೆ ಹಾರ್ಡ್ ಡಿಸ್ಕಿನಲ್ಲಿ ತನ್ನದೇ ಪಾರ್ಟಿಷನ್ ಬೇಕಿತ್ತು. ಸಿ ಡ್ರೈವನ್ನು ಕುಗ್ಗಿಸಿ ಧಾರಾಳವಾಗಿ ಜಾಗ ಬಿಡಿಸಿದೆ. ಆದರೂ ಹೊಸ ಪಾರ್ಟಿಷನ್ ಆಗುವುದಿಲ್ಲ ಎಂದು ಇನ್‌ಸ್ಟಾಲೇಷನ್ ನಿಂತುಹೋಯಿತು.

ನಾನು ಲೆಕ್ಕ ಹಾಕಿದ್ದು ಜಿಬಿಗಳನ್ನು, ಎಣಿಸಬೇಕಿದ್ದದ್ದು ಪಾರ್ಟಿಷನ್‌ಗಳನ್ನು. ಎಂಬಿಆರ್ ಪದ್ಧತಿಯ ಡಿಸ್ಕಿನಲ್ಲಿ ಮೊಟ್ಟಮೊದಲ ಸೆಕ್ಟರ್ 512 ಬೈಟ್. ಅದರಲ್ಲಿ ಪಾರ್ಟಿಷನ್ ಪಟ್ಟಿಗೆ ಸಿಗುವುದು 64 ಬೈಟ್. ಒಂದೊಂದು ಪಾರ್ಟಿಷನ್ನಿನ ವಿವರಕ್ಕೆ 16 ಬೈಟ್ ಬೇಕು. ಹಾಗಾಗಿ ನಾಲ್ಕಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಆಗುವುದೇ ಇಲ್ಲ. 1983ರಲ್ಲಿ, ಐಬಿಎಂ ಪಿಸಿ ಎಕ್ಸ್‌ಟಿ ಕಾಲದಲ್ಲಿ ಬಂದ ವ್ಯವಸ್ಥೆ ಇದು. ಎಷ್ಟೇ ಎಕರೆ ಜಮೀನಿರಲಿ, ಖಾತೆ ಪುಸ್ತಕದಲ್ಲಿ ನಾಲ್ಕೇ ಸಾಲು ಇದ್ದ ಹಾಗೆ.

ಮೇಷ್ಟ್ರ ಡಿಸ್ಕಿನಲ್ಲಿ ಆ ನಾಲ್ಕೂ ಭರ್ತಿಯಾಗಿದ್ದವು: ವಿಂಡೋಸ್ ತಾನೇ ಮಾಡಿಕೊಂಡ 100 ಎಂಬಿಯ ಸಿಸ್ಟಮ್ ರಿಸರ್ವ್ಡ್, ಸಿ ಡ್ರೈವ್, ಕಂಪನಿಯವರ ರಿಕವರಿ, ಅವರದೇ ಪುಟ್ಟದೊಂದು ಟೂಲ್ಸ್ ಪಾರ್ಟಿಷನ್. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ನಾನು ಐದನೆಯದನ್ನು ಮಾಡಲು ಹೋದಾಗ ಎಚ್ಚರಿಕೆಯೊಂದು ಬಂತು: ಡಿಸ್ಕನ್ನು ಡೈನಮಿಕ್ ಆಗಿ ಬದಲಾಯಿಸಲಾಗುವುದು, ಈಗಿನ ಬೂಟ್ ವಾಲ್ಯೂಮ್ ಬಿಟ್ಟು ಬೇರೆಲ್ಲಿಂದಲೂ ಆಪರೇಟಿಂಗ್ ಸಿಸ್ಟಮ್ ಶುರುವಾಗದು. ಪೂರ್ತಿ ಓದದೆ ‘ಯೆಸ್’ ಒತ್ತಿದೆ. ಕಡುನೀಲಿ ಪಟ್ಟಿಗಳೆಲ್ಲ ಬಣ್ಣ ಬದಲಿಸಿದವು. ಕೆಲಸ ಆಯಿತು ಎಂದುಕೊಂಡೆ.

ಆಗಿರಲಿಲ್ಲ. ಡೈನಮಿಕ್ ಡಿಸ್ಕಿನ ಮೇಲೆ ಆ ಸಾಫ್ಟ್‌ವೇರ್ ಕೂರಲೇ ಇಲ್ಲ. ಹಿಂದಕ್ಕೆ ಹೋಗೋಣವೆಂದರೆ, ಇರುವ ವಾಲ್ಯೂಮ್‌ಗಳನ್ನೆಲ್ಲ ಅಳಿಸದೆ ವಿಂಡೋಸ್ ಅದನ್ನು ಮೊದಲಿನಂತೆ ಬೇಸಿಕ್ ಡಿಸ್ಕ್ ಮಾಡಿಕೊಡುವುದಿಲ್ಲ. ಮುಂದೆ ನೋಡೋಣ ಎಂದು ಹಾಗೆಯೇ ವಾಪಸು ಕೊಟ್ಟೆ. ಆ ಮಳೆಗಾಲದಲ್ಲಿ ವಿಂಡೋಸ್ ಏಳದೇ ಹೋದಾಗ ಕಂಪನಿಯ ರಿಕವರಿ ಕೀಲಿ ಒತ್ತಿ ನೋಡಿದೆವು. ಅದೂ ಕೆಲಸ ಮಾಡಲಿಲ್ಲ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ ಫೈಲುಗಳನ್ನು ಎತ್ತಿಕೊಂಡೆ. ಸುಮಾರೆಲ್ಲ ಬಂದವು, ಪದಗಳ ಮುಖ್ಯ ಫೈಲು ತೆರೆಯಲಿಲ್ಲ. “ಕೈಬರಹ ಇದೆಯಲ್ಲಪ್ಪ, ಮತ್ತೆ ಟೈಪ್ ಮಾಡಿದರಾಯ್ತು” ಎಂದರು ಮೇಷ್ಟ್ರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅಂದಿನಿಂದ ಯಾರ ಯಂತ್ರ ಮುಟ್ಟಿದರೂ ಮೊದಲು ಅವರ ಫೈಲುಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡುತ್ತೇನೆ. ಅದೇ ಡಿಸ್ಕಿನೊಳಗಿರುವ ರಿಕವರಿ ಪಾರ್ಟಿಷನ್, ಡಿಸ್ಕ್ ಸತ್ತರೆ ಜೊತೆಗೇ ಸಾಯುತ್ತದೆ. ಆಮೇಲೆ ಡಿಸ್ಕ್‌ಪಾರ್ಟ್ ತೆರೆದು ‘ಲಿಸ್ಟ್ ಡಿಸ್ಕ್’ ಕೊಡುತ್ತೇನೆ. ಜಿಪಿಟಿ ಕಾಲಮ್ಮಿನಲ್ಲಿ ನಕ್ಷತ್ರವಿದ್ದರೆ, ಅಂದರೆ ಡಿಸ್ಕ್ ಎಂಬಿಆರ್ ಬದಲು ಹೊಸ ಜಿಪಿಟಿ ಪದ್ಧತಿಯದಾದರೆ, ನಿರಾಳ. ವಿಂಡೋಸ್ ಅಲ್ಲಿ 128 ಪಾರ್ಟಿಷನ್‌ಗಳಿಗೆ ಅವಕಾಶ ಕೊಡುತ್ತದೆ. ಇಲ್ಲದಿದ್ದರೆ ಪ್ರೈಮರಿಗಳನ್ನು ಎಣಿಸುತ್ತೇನೆ. ಮೂರೇ ಇದ್ದರೆ ನಾಲ್ಕನೆಯದನ್ನು ಎಕ್ಸ್‌ಟೆಂಡೆಡ್ ಮಾಡಿ ಒಳಗೆ ಲಾಜಿಕಲ್ ಡ್ರೈವ್‌ಗಳನ್ನು ಹಾಕಬಹುದು. ವಿಂಡೋಸ್ 10ರಲ್ಲಿ ಡೇಟಾ ಅಳಿಸದೆ ಜಿಪಿಟಿಗೆ ಬದಲಾಯಿಸುವ ಎಂಬಿಆರ್2ಜಿಪಿಟಿ ಎಂಬ ಸಾಧನವಿದೆ; ಅದು ಕೂಡ ಮೂರಕ್ಕಿಂತ ಹೆಚ್ಚು ಪ್ರೈಮರಿ ಇದ್ದರೆ ಒಪ್ಪುವುದಿಲ್ಲ. ನಾಲ್ಕೂ ತುಂಬಿದ್ದರೆ ಡಿಸ್ಕನ್ನು ಮುಟ್ಟದೆ, ಇಡೀ ಸಿಸ್ಟಮ್ಮಿನ ಇಮೇಜನ್ನು ಹೊರಗಿನ ಡಿಸ್ಕಿನಲ್ಲಿಟ್ಟು, ಪೆನ್‌ಡ್ರೈವಿನಿಂದ ಬೂಟ್ ಆಗುವ ರಿಕವರಿ ಮಾಡಿಕೊಡುತ್ತೇನೆ. ಮೇಷ್ಟ್ರ ಲ್ಯಾಪ್‌ಟಾಪಿಗೆ ಬೇಕಿದ್ದದ್ದು ಇಷ್ಟೇ.