ಕುಬಾದ ಶನಿವಾರ ಮತ್ತು ನಮ್ಮ ಬೆಳಗಿನ ನಡಿಗೆ

ಪ್ರವಾದಿ ಮುಹಮ್ಮದ್(ಸ)ರವರು ಪ್ರತಿ ಶನಿವಾರ ಕುಬಾ ಮಸೀದಿಗೆ ಹೋಗುತ್ತಿದ್ದರು. ಕೆಲವೊಮ್ಮೆ ಕಾಲ್ನಡಿಗೆಯಲ್ಲಿ, ಕೆಲವೊಮ್ಮೆ ಸವಾರಿಯ ಮೇಲೆ. ಅಲ್ಲಿ ಎರಡು ರಕಅತ್ ನಮಾಝ್ ನಿರ್ವಹಿಸುತ್ತಿದ್ದರು. ಇಬ್ನು ಉಮರ್(ರ) ವರದಿ ಮಾಡಿರುವ ಈ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲಿಯೂ ಇದೆ. ಮಸ್ಜಿದುನ್ನಬವಿಯಿಂದ ಕುಬಾಕ್ಕೆ ಮೂರು ಕಿಲೋಮೀಟರಿಗೂ ಹೆಚ್ಚು ದೂರ. ಅದು ಆರಾಧನೆಗಾಗಿ ಕೈಗೊಂಡ ಪಯಣವೇ ಹೊರತು ವ್ಯಾಯಾಮವಲ್ಲ. ಆದರೂ ಆ ರೂಢಿಯ ಕ್ರಮ ನನ್ನನ್ನು ಯೋಚನೆಗೆ ಹಚ್ಚಿತು. ದಿನ ನಿಶ್ಚಿತ, ಗುರಿ ನಿಶ್ಚಿತ. ನಡೆಯುವುದೋ ಸವಾರಿಯೋ ಎಂಬುದು ಮಾತ್ರ ಆಯಾ ದಿನದ ಅನುಕೂಲಕ್ಕೆ ಬಿಟ್ಟದ್ದು.

ನಮ್ಮ ಕುಟುಂಬದಲ್ಲಿ ಮಧುಮೇಹ ತಲೆಮಾರಿನಿಂದ ಬಂದದ್ದು. ನನ್ನ ಉಮ್ಮ ಕೆಲವು ವರ್ಷಗಳಿಂದ ಕುರ್ಚಿಯಲ್ಲಿ ಕುಳಿತು ನಮಾಝ್ ನಿರ್ವಹಿಸುತ್ತಾರೆ. ಅಶಕ್ತರಿಗೆ ಧರ್ಮವು ಆ ರಿಯಾಯಿತಿಯನ್ನು ಕೊಟ್ಟಿದೆ, ಅಲ್‌ಹಮ್ದುಲಿಲ್ಲಾಹ್. ಆದರೆ ಹಣೆಯನ್ನು ನೆಲಕ್ಕಿಟ್ಟು ಸುಜೂದ್ ಮಾಡಲಾಗದ ಸಂಕಟವನ್ನು ನಾನು ಅವರ ಮುಖದಲ್ಲಿ ಅನೇಕ ಬಾರಿ ಕಂಡಿದ್ದೇನೆ. ಕಳೆದ ವರ್ಷ ನನ್ನ ರಕ್ತಪರೀಕ್ಷೆಯಲ್ಲಿ ಸಕ್ಕರೆಯ ಅಂಶ ಮಿತಿ ಮೀರಿದಾಗ ಮೊದಲು ನೆನಪಾದದ್ದು ಔಷಧಿಯಲ್ಲ, ಆ ಕುರ್ಚಿ.

ವೈದ್ಯರು ನಡೆಯಲು ಹೇಳಿದರು. ನಾನೂ ನಾದಿನಿಯೂ ಫಜ್ರ್ ಮುಗಿಸಿ, ಬೆಳಕು ಹರಿದ ಮೇಲೆ ಹೊರಡತೊಡಗಿದೆವು. ಬುರ್ಖಾದ ಕೆಳಗೆ ಸ್ಪೋರ್ಟ್ಸ್ ಶೂ ಕಂಡು ಹಾಲಿನ ಅಂಗಡಿಯವರು ಒಂದೆರಡು ವಾರ ತಿರುಗಿ ನೋಡಿದರು, ಆಮೇಲೆ ಅವರಿಗೂ ಅಭ್ಯಾಸವಾಯಿತು. ನಮ್ಮದು ವೇಗದ ನಡಿಗೆಯೇನಲ್ಲ. ಮನೆಯೊಳಗೆ ಆಡಲಾಗದ ಎಷ್ಟೋ ಮಾತುಗಳನ್ನು ಆ ದಾರಿಯಲ್ಲಿ ಆಡುತ್ತೇವೆ. ಸತ್ಯ ಹೇಳಬೇಕೆಂದರೆ, ಬೆಳಿಗ್ಗೆ ನನ್ನನ್ನು ಬಾಗಿಲಾಚೆ ಎಳೆಯುವುದು ಸಕ್ಕರೆಯ ಭಯಕ್ಕಿಂತ ಹೆಚ್ಚಾಗಿ ಆ ಮಾತುಗಳೇ. ಭಯದಿಂದ ಹಿಡಿದ ಅಭ್ಯಾಸ ಮುಂದಿನ ವರದಿ ಚೆನ್ನಾಗಿ ಬಂದ ದಿನವೇ ಸಡಿಲವಾಗುತ್ತದೆ.

ವಿನೋದವು ದೀನಿಗೆ ವಿರುದ್ಧವೆಂದು ಭಾವಿಸುವವರು ಹ. ಆಯಿಶಾ(ರ)ರೊಂದಿಗೆ ಪ್ರವಾದಿವರ್ಯರು(ಸ) ನಡೆಸಿದ ಓಟದ ಸ್ಪರ್ಧೆಯನ್ನು ನೆನಪಿಸಿಕೊಳ್ಳಬೇಕು. ಮೊದಲ ಬಾರಿ ಆಯಿಶಾ(ರ) ಗೆದ್ದರು. ಕಾಲಾನಂತರ ಅವರ ಮೈತೂಕ ಹೆಚ್ಚಿದ ಮೇಲೆ ಮತ್ತೆ ಓಡಿದಾಗ ಪ್ರವಾದಿವರ್ಯರು(ಸ) ಗೆದ್ದು, ಇದು ಆ ದಿನದ ಗೆಲುವಿಗೆ ಬದಲಾಯಿತೆಂದರು. ಅಬೂದಾವೂದ್‌ನಲ್ಲಿರುವ ಈ ಘಟನೆಯನ್ನು ನಮ್ಮಲ್ಲಿ ದಾಂಪತ್ಯದ ಪ್ರೀತಿಗೆ ನಿದರ್ಶನವಾಗಿ ಉದ್ಧರಿಸುತ್ತಾರೆ. ಅಲ್ಲಿ ಓಡಿದವರು ಒಬ್ಬ ಮಹಿಳೆ ಎಂಬುದನ್ನು ಯಾಕೋ ಒತ್ತಿ ಹೇಳುವುದಿಲ್ಲ.

ನನ್ನ ತಮ್ಮ ಜಿಮ್‌ಗೆ ಒಂದು ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟಿದ. ಮೊದಲ ತಿಂಗಳು ದಿನಕ್ಕೆ ಎರಡು ಗಂಟೆ ಬೆವರು ಸುರಿಸಿದ, ಮೂರನೆಯ ತಿಂಗಳಿಗೆ ಹೋಗುವುದೇ ನಿಂತಿತು. ಅವನನ್ನು ನೋಡುವಾಗ ನನಗೆ ಅಬ್ದುಲ್ಲಾ ಇಬ್ನು ಅಮ್ರ್(ರ) ನೆನಪಾಗುತ್ತಾರೆ. ತಾರುಣ್ಯದ ಹುಮ್ಮಸ್ಸಿನಲ್ಲಿ ಅವರು ನಿತ್ಯವೂ ಉಪವಾಸ ಆಚರಿಸಿ, ರಾತ್ರಿಯಿಡೀ ನಮಾಝ್‌ನಲ್ಲಿ ಕಳೆಯುತ್ತಿದ್ದರು. ದೇಹಕ್ಕೂ ಕಣ್ಣಿಗೂ ಪತ್ನಿಗೂ ಅವರ ಮೇಲೆ ಹಕ್ಕಿದೆಯೆಂದು ಪ್ರವಾದಿವರ್ಯರು(ಸ) ತಿಳಿಹೇಳಿದರು, ತಿಂಗಳಿಗೆ ಮೂರು ಉಪವಾಸ ಸಾಕೆಂದರು. ಅಬ್ದುಲ್ಲಾ(ರ) ಇನ್ನೂ ಹೆಚ್ಚು ಕೇಳುತ್ತಲೇ ಹೋದರು. ಕೊನೆಗೆ ದಿನ ಬಿಟ್ಟು ದಿನದ ಉಪವಾಸಕ್ಕೆ ಬಂದು ನಿಂತಿತು. ವೃದ್ಧಾಪ್ಯದಲ್ಲಿ ಅದು ಭಾರವಾದಾಗ, ಅಂದು ಕೊಟ್ಟ ರಿಯಾಯಿತಿಯನ್ನು ಸ್ವೀಕರಿಸಬಾರದಿತ್ತೇ ಎಂದು ಹಂಬಲಿಸಿದರು. ಸ್ವಲ್ಪವಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂಬ ಪ್ರವಾದಿ ಬೋಧನೆ ನಮಗೆಲ್ಲ ಕಂಠಪಾಠ. ಆದರೆ ಆ 'ಸ್ವಲ್ಪ' ಎಷ್ಟೆಂದು ಯೋಚಿಸುವಾಗ ನಾವು ಇಂದಿನ ಉತ್ಸಾಹವನ್ನು ಅಳೆಯುತ್ತೇವೆ, ಅರುವತ್ತರ ವಯಸ್ಸಿನ ಶಕ್ತಿಯನ್ನಲ್ಲ.

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಒಮ್ಮೆಗೆ ಕನಿಷ್ಠ ಹತ್ತು ನಿಮಿಷವಾದರೂ ಇರಬೇಕೆಂಬ ಹಳೆಯ ಷರತ್ತನ್ನು ಅದೇ ಮಾರ್ಗಸೂಚಿಯಲ್ಲಿ ಕೈಬಿಟ್ಟಿತು. ಐದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಊಟದ ನಂತರ ತುಸು ಅಡ್ಡಾಡಿದರೂ ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಇದನ್ನು ತಿಳಿಸಿದ ಮೇಲೆ ಉಮ್ಮನೂ ರಾತ್ರಿ ಊಟವಾದೊಡನೆ ಕೈಯಲ್ಲಿ ತಸ್ಬೀಹ್ ಹಿಡಿದು ಚಾವಡಿಯಲ್ಲಿ ನಿಧಾನವಾಗಿ ಹೆಜ್ಜೆ ಹಾಕುತ್ತಾರೆ. ಸುತ್ತುಗಳನ್ನು ಎಣಿಸುವುದಿಲ್ಲ, ದಿಕ್ರ್ ಮುಗಿಯುವವರೆಗೆ ನಡೆಯುತ್ತಾರೆ.

ಐದು ಹೊತ್ತಿನ ನಮಾಝೇ ಸಾಕಷ್ಟು ವ್ಯಾಯಾಮವಲ್ಲವೇ ಎಂದು ಕೇಳುವವರಿದ್ದಾರೆ. ನನಗೆ ಈ ಮಾತು ಹಿಡಿಸದು. ನಮಾಝ್ ಒಡೆಯನ ಮುಂದೆ ನಿಲ್ಲುವ ಹೊತ್ತು. ಅದರಿಂದ ಕೀಲುಗಳಿಗೆ ಲಾಭವಾದರೆ ಅದು ಅವನ ಔದಾರ್ಯ.

ರಮಝಾನ್‌ನಲ್ಲಿ ನಮ್ಮ ಬೆಳಗಿನ ನಡಿಗೆ ನಿಲ್ಲುತ್ತದೆ. ಬದಲಿಗೆ ತರಾವೀಹ್ ಮುಗಿದ ಮೇಲೆ ಅಂಗಳದಲ್ಲಿ ಹತ್ತು ನಿಮಿಷ. ಈದ್ ಕಳೆದ ಮೂರನೆಯ ದಿನ ಮತ್ತೆ ಹಳೆಯ ದಾರಿ. ಕರಾವಳಿಯ ಮಳೆಗಾಲವೇ ನಿಜವಾದ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆಯಂಚಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗಂಡಸರಿಗಾದರೆ ಮಸೀದಿಗೆ ಹೋಗಿಬರುವ ಐದು ಹೊತ್ತಿನ ಹೆಜ್ಜೆಗಳಾದರೂ ಇವೆ. ನಮ್ಮ ಮದ್ರಸಾದ ಉದ್ದನೆಯ ಜಗುಲಿಗೆ ಮಾಡು ಇದೆ, ಮಕ್ಕಳು ಬರುವ ಮುನ್ನ ಅದು ಖಾಲಿಯಾಗಿರುತ್ತದೆ. ಅರ್ಧ ಗಂಟೆ ಅದನ್ನು ಮಹಿಳೆಯರ ನಡಿಗೆಗೆ ಬಿಟ್ಟುಕೊಡಬಹುದೇ ಎಂದು ನಾವು ಹನ್ನೊಂದು ಮಂದಿ ಸಹಿ ಹಾಕಿ ಜಮಾಅತಿನ ಹಿರಿಯರಿಗೆ ಪತ್ರ ಕೊಟ್ಟಿದ್ದೇವೆ. ಮುಂದಿನ ಸಭೆಯಲ್ಲಿ ಅದನ್ನು ಓದಲಾಗುವುದೆಂದು ತಿಳಿಸಿದ್ದಾರೆ.