ಕಚ್ಛದ ಕಡಲಂಚಿನಲ್ಲೊಂದು ‘ಪರದೇಶ’

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದಾರೆ. ಊರೂರಿನ ಸುಂಕದಕಟ್ಟೆಗಳಲ್ಲಿ ಕಾದು ನಿಂತು ಬೇಸತ್ತ ಎತ್ತಿನ ಗಾಡಿಯವರ ಅನುಭವ ಆ ಮಾತಿನಲ್ಲಿದೆ. ಆದರೆ ಸುಂಕದವನು ಬಾಗಿಲಲ್ಲಿಯೇ ಕುಳಿತಿದ್ದೂ, ಒಳಕ್ಕೆ ಬರುವ ಪರದೇಶದ ಸರಕನ್ನು ಕಣ್ಣಾರೆ ಕಂಡೂ, ಕಾಸು ಕೇಳದೆ ಬರೆದುಕೊಂಡು ಬಿಡುವ ಸ್ಥಳವೊಂದು ಭಾರತದ ಪಶ್ಚಿಮದ ಅಂಚಿನಲ್ಲಿದೆ. ಗುಜರಾತ ರಾಜ್ಯದ ಕಚ್ಛ ಜಿಲ್ಲೆಯ ಕಾಂಡ್ಲಾ ಅದು.

ಅಹಮದಾಬಾದಿನಿಂದ ಪಶ್ಚಿಮಕ್ಕೆ ಹೊರಟ ರೈಲು ಸೂರಜಬಾರಿಯ ಸೇತುವೆಯನ್ನು ದಾಟುತ್ತಲೇ ನೆಲದ ಬಣ್ಣ ಬದಲಾಗುತ್ತದೆ. ಎರಡು ಪಕ್ಕದಲ್ಲಿಯೂ ಉಪ್ಪಿನ ಗದ್ದೆಗಳು. ದೂರದಿಂದ ಡೇರೆಗಳ ಸಾಲಿನಂತೆ ಕಾಣುವ ಬಿಳಿಯ ಉಪ್ಪಿನ ರಾಶಿಗಳು. ಉಪ್ಪಿಲ್ಲದೆಡೆ ಮುಳ್ಳುಗಿಡ. ಬಯಲುಸೀಮೆಯ ಪ್ರಯಾಣಿಕನಿಗೆ ಇದು ಹಳೆಯ ಪರಿಚಯವೇ: ನಮ್ಮ ಬಳ್ಳಾರಿ ಜಾಲಿಯನ್ನು ಅಲ್ಲಿಯವರು ‘ಗಾಂಡೊ ಬಾವಳ’, ಎಂದರೆ ಹುಚ್ಚು ಜಾಲಿ ಎನ್ನುತ್ತಾರೆ. ಅದು ಹಬ್ಬುವ ರೀತಿಯನ್ನು ಬಲ್ಲವರು ಈ ಹೆಸರನ್ನು ಅಲ್ಲಗಳೆಯಲಾರರು. ಇನ್ನು ಉಪ್ಪುನೀರಿನಲ್ಲಿ ಬೇರೂರಿ ನಿಲ್ಲುವ ಗಿಡಕ್ಕೆ ನಮ್ಮ ಕರಾವಳಿಯವರು ಕಾಂಡ್ಲ ಎನ್ನುವುದುಂಟು. ಕಚ್ಛದ ಕಾಂಡ್ಲಾದ ಅಳಿವೆಗಳಲ್ಲಿಯೂ ಅದೇ ಜಾತಿಯ ಗಿಡಗಳು ಒತ್ತೊತ್ತಾಗಿ ಬೆಳೆದಿವೆ. ಆ ಎಲೆಗಾಗಿ ನೀರಿಗಿಳಿದು ಈಜುವ ‘ಖಾರಾಯಿ’ ಎಂಬ ಒಂಟೆಗಳು ಕಚ್ಛದ ಕಡಲಂಚಿನಲ್ಲಿವೆ. ಮರಳುಗಾಡಿನ ಪ್ರಾಣಿಯೆಂದು ಪಾಠಪುಸ್ತಕದಲ್ಲಿ ಓದಿದ ಮಕ್ಕಳು ಒಂಟೆಯ ಹಿಂಡು ಕುತ್ತಿಗೆಯುದ್ದದ ನೀರಿನಲ್ಲಿ ಸಾಗುವುದನ್ನು ಕಂಡರೆ ಬೆರಗಾಗದಿರಲಾರರು.

ಈ ಬರಡು ತೀರದಲ್ಲಿ ದೊಡ್ಡ ಬಂದರು ಹುಟ್ಟಲು ಕಾರಣ ದೇಶವಿಭಜನೆ. 1947ರಲ್ಲಿ ಕರಾಚಿ ಪಾಕಿಸ್ತಾನದ ಪಾಲಾಯಿತು. ವಾಯವ್ಯ ಭಾರತದ ಗೋಧಿ, ಹತ್ತಿ, ಎಣ್ಣೆಬೀಜಗಳು ಯಾವ ಬಾಗಿಲಿನಿಂದ ಹೊರಹೋಗುತ್ತಿದ್ದವೋ ಆ ಬಾಗಿಲು ಮುಚ್ಚಿತು. ಅದಕ್ಕೆ ಬದಲಿಯನ್ನು ಹುಡುಕಲು ನೇಮಕವಾದ ಕಸ್ತೂರಭಾಯಿ ಲಾಲಭಾಯಿಯವರ ಸಮಿತಿ 1948ರಲ್ಲಿ ಕಾಂಡ್ಲಾವನ್ನು ಸೂಚಿಸಿತು. 1952ರ ಜನವರಿಯಲ್ಲಿ ಪ್ರಧಾನಿ ನೆಹರೂ ಶಂಕುಸ್ಥಾಪನೆ ಮಾಡಿದರು. 1955ರಲ್ಲಿ ಕಾಂಡ್ಲಾ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. 2017ರಿಂದ ಅದರ ಅಧಿಕೃತ ಹೆಸರು ದೀನದಯಾಳ್ ಬಂದರು. ಜನರ ಬಾಯಲ್ಲಿ ಮಾತ್ರ ಇನ್ನೂ ಕಾಂಡ್ಲಾ.

ಬಂದರಿನ ಜೊತೆಗೆ ಊರೂ ಬೇಕಲ್ಲವೆ? ಅದನ್ನು ಕಟ್ಟಿದವರು ಸಿಂಧದಿಂದ ಮನೆಮಾರು ಬಿಟ್ಟು ಬಂದ ನಿರಾಶ್ರಿತರು. ಅವರ ಮುಂದಾಳು ಭಾಯಿ ಪ್ರತಾಪರ ಕೋರಿಕೆಗೆ ಗಾಂಧೀಜಿಯವರ ಬೆಂಬಲ ದೊರೆಯಿತು. ಕಚ್ಛದ ಮಹಾರಾವ್ ವಿಜಯರಾಜರು 15,000 ಎಕರೆ ನೆಲವನ್ನು ಕೊಟ್ಟರು. ಅಲ್ಲಿ ಎದ್ದ ಪಟ್ಟಣವೇ ಗಾಂಧೀಧಾಮ. ಅದರ ಜೋಡಿ ಊರಾದ ಆದಿಪುರದಲ್ಲಿ ಗಾಂಧೀಜಿಯವರ ಸಮಾಧಿಯಿದೆ. ಚಾರ್ಲಿ ಚಾಪ್ಲಿನ್ನನ ಹುಟ್ಟುಹಬ್ಬವನ್ನು ಮೀಸೆ, ಟೋಪಿ, ಬೆತ್ತಗಳೊಡನೆ ಮೆರವಣಿಗೆ ಹೊರಟು ಆಚರಿಸುವ ಅಭಿಮಾನಿಗಳೂ ಅದೇ ಊರಿನಲ್ಲಿದ್ದಾರೆ. ನಕ್ಷೆಯ ಮೇಲೆ ಎಳೆದ ಒಂದು ಗೆರೆಯಿಂದ ಮನೆ ಕಳೆದುಕೊಂಡು ಬಂದ ಈ ಜನರ ನೆರೆಯಲ್ಲಿಯೇ 1965ರಲ್ಲಿ ಸರಕಾರ ಮತ್ತೊಂದು ಗೆರೆಯನ್ನೆಳೆಯಿತು. ಈ ಗೆರೆ ಹೊಟ್ಟೆಪಾಡಿನದು. ಅದರೊಳಗೆ ನಿಂತದ್ದೇ ಕಾಂಡ್ಲಾ ಮುಕ್ತ ವ್ಯಾಪಾರ ವಲಯ. ಏಷ್ಯಾ ಖಂಡದಲ್ಲಿ ರಫ್ತಿಗೆಂದೇ ಮೀಸಲಾದ ಮೊಟ್ಟಮೊದಲನೆಯ ಕೈಗಾರಿಕಾ ವಲಯ. ಅದೇ ವರ್ಷ ಏಪ್ರಿಲಿನಲ್ಲಿ, ಅದೇ ಕಚ್ಛದ ರಣದಲ್ಲಿ, ಭಾರತ ಪಾಕಿಸ್ತಾನಗಳ ಸೈನ್ಯಗಳು ಹಳೆಯ ಗೆರೆಗಾಗಿ ಹೊಡೆದಾಡುತ್ತಿದ್ದವು.

ಗಾಂಧೀಧಾಮಕ್ಕೂ ಬಂದರಿಗೂ ನಡುವೆ ಸುಮಾರು 1,000 ಎಕರೆಯ ಈ ವಲಯವಿದೆ. ಸುತ್ತ ಗೋಡೆ, ಬಾಗಿಲಲ್ಲಿ ಕಾವಲು. ಕೆಲಸದವರು ಗುರುತಿನ ಚೀಟಿ ತೋರಿಸಿ ಒಳಹೋಗುತ್ತಾರೆ. ಒಳಗಿರುವುದು ಅದೇ ಕಚ್ಛದ ಧೂಳು, ಅದೇ ಬಿಸಿಲು. ಆದರೂ ಕಾಯಿದೆಯ ಕಣ್ಣಿಗೆ ಸುಂಕದ ಮಟ್ಟಿಗೆ ಅದು ಭಾರತದ ಗಡಿಯಾಚೆಯ ನೆಲ. ಈ ಕಲ್ಪನೆಯಿಂದ ಹುಟ್ಟುವ ವಿನೋದಗಳು ಹಲವು. ಗಾಂಧೀಧಾಮದ ಅಂಗಡಿಯವನು ರಸ್ತೆಯಾಚೆಗಿನ ಕಾರ್ಖಾನೆಗೆ ಒಂದು ಪೆಟ್ಟಿಗೆ ಮೊಳೆ ಕಳುಹಿಸಿದನೆನ್ನೋಣ. ಕಾಯಿದೆಯ ಪ್ರಕಾರ ಅವನು ‘ರಫ್ತು’ ಮಾಡಿದಂತಾಯಿತು. ಆ ಕಾರ್ಖಾನೆಯ ಸರಕು ಗಾಂಧೀಧಾಮದ ಪೇಟೆಗೆ ಬಂದರೆ ಅದು ಪರದೇಶದಿಂದ ಬಂದ ಮಾಲಿನಂತೆಯೇ ಸುಂಕ ತೆರಬೇಕು.

ಕಾರ್ಖಾನೆಯವರಿಗೆ ಇದರಿಂದ ಲಾಭವೇನು? ಲೆಕ್ಕಕ್ಕಾಗಿ ಒಬ್ಬ ಕಾರ್ಖಾನೆದಾರನನ್ನು ಊಹಿಸಿಕೊಳ್ಳಬಹುದು. ಅವನು 100 ಲಕ್ಷ ರೂಪಾಯಿಯ ಕಚ್ಚಾಮಾಲನ್ನು ಹೊರದೇಶದಿಂದ ತರಿಸುತ್ತಾನೆ. ಸುಂಕ ನೂರಕ್ಕೆ 10 ಎಂದಿಟ್ಟುಕೊಳ್ಳೋಣ. ಅವನ ಕಾರ್ಖಾನೆ ಒಳನಾಡಿನಲ್ಲಿದ್ದರೆ, ಸಾಮಾನ್ಯವಾಗಿ ಸರಕು ಹಡಗಿನಿಂದ ಇಳಿದಾಗಲೇ 10 ಲಕ್ಷ ಕಟ್ಟಬೇಕು. ಅದರಿಂದ ಸಿದ್ಧವಾದ ವಸ್ತುವನ್ನು ಹೊರದೇಶಕ್ಕೆ ಕಳುಹಿಸಿದ ಮೇಲೆ ಸುಂಕ ವಾಪಸಾತಿಗೆ ಅರ್ಜಿ ಹಾಕಿಕೊಳ್ಳಬೇಕು. ಅಷ್ಟು ಕಾಲ ಹಣ ಸರಕಾರದ ಪೆಟ್ಟಿಗೆಯಲ್ಲಿ, ಬಡ್ಡಿ ವ್ಯಾಪಾರಿಯ ತಲೆಯ ಮೇಲೆ. ವಲಯದೊಳಗೆ ಈ ತೊಡಕಿಲ್ಲ. ಬಾಂಡು ಬರೆದುಕೊಟ್ಟು ಸರಕನ್ನು ಒಳಗೆ ತಂದರಾಯಿತು. ಹೊರದೇಶಕ್ಕೆ ಕಳುಹಿಸಿದರೆ ಸುಂಕದ ಮಾತೇ ಇಲ್ಲ. ಯಂತ್ರಗಳಿಗೂ ಇದೇ ಸೌಲಭ್ಯ. ಕತ್ತರಿಸುವಾಗ, ಕರಗಿಸುವಾಗ ಪುಡಿಯಾಗಿ ಚೂರಾಗಿ ಹೋಗುವ ಮಾಲಿಗೆ ಮುಂಗಡವಾಗಿ ಸುಂಕ ತೆತ್ತು ಕೈಸುಟ್ಟುಕೊಳ್ಳುವ ಭಯವೂ ಇಲ್ಲ. ಆ ಚೂರನ್ನು ಒಳನಾಡಿಗೆ ಮಾರಿದರೆ ಚೂರಿನ ಮಟ್ಟಿಗೆ ಕಟ್ಟಿದರೆ ಸಾಕು. ಇದಕ್ಕೆ ಪ್ರತಿಯಾಗಿ ಸರಕಾರ ಹಾಕುವ ಮುಖ್ಯ ಕಟ್ಟಳೆಯೊಂದಿದೆ: ಐದು ವರ್ಷಗಳ ಲೆಕ್ಕದಲ್ಲಿ ಕಾರ್ಖಾನೆ ಗಳಿಸಿದ ವಿದೇಶೀ ವಿನಿಮಯ ಖರ್ಚು ಮಾಡಿದ್ದಕ್ಕಿಂತ ಹೆಚ್ಚಾಗಿರಬೇಕು.

ಹೊಸದಾಗಿ ಕಟ್ಟಿದ ಪೇಟೆಗೆ ವರ್ತಕರನ್ನು ಸೆಳೆಯಲು ಸುಂಕವನ್ನು ಮಾಫಿ ಮಾಡಿದ ಅರಸರ ಸಂಗತಿ ನಮ್ಮ ಶಾಸನಗಳಲ್ಲಿಯೂ ಬರುತ್ತದೆ. ಉಪಾಯ ಹೊಸದೇನಲ್ಲ. ಆದರೆ ಸುಂಕ ಬಿಟ್ಟ ಮಾತ್ರಕ್ಕೆ ಪೇಟೆ ತುಂಬುವುದಿಲ್ಲವೆಂಬುದನ್ನು ಕಾಂಡ್ಲಾ ತೋರಿಸಿಕೊಟ್ಟಿತು. ತೈವಾನಿನ ಕಾವ್‌ಶುಂಗ್ ವಲಯ ಕಾಂಡ್ಲಾಕ್ಕಿಂತ ಒಂದು ವರ್ಷ ಕಿರಿಯದು. 1966ರಲ್ಲಿ ತೆರೆದು ಬೇಗನೆ ಬೆಳೆದುಬಿಟ್ಟಿತು. ಕಾಂಡ್ಲಾ ಮಾತ್ರ ದೊಡ್ಡ ನಗರಗಳಿಂದ ದೂರ. ಅಪ್ಪಣೆಪತ್ರಗಳ ಕಾಲವದು, ಸುಂಕ ಉಳಿಸಿದ್ದನ್ನು ಓಡಾಟ ತಿಂದುಹಾಕುತ್ತಿತ್ತು. ಕೊನೆಗೆ ಅದಕ್ಕೆ ಆಸರೆಯಾದದ್ದು ಸೋವಿಯತ್ ಒಕ್ಕೂಟ. ರೂಪಾಯಿಯಲ್ಲಿಯೇ ಲೆಕ್ಕ ಚುಕ್ತಾ ಆಗುತ್ತಿದ್ದ ಆ ವ್ಯಾಪಾರದಲ್ಲಿ ಕಾಂಡ್ಲಾದ ಸಿದ್ಧ ಉಡುಪು, ಔಷಧಗಳು ಮಾಸ್ಕೋದ ದಾರಿ ಹಿಡಿದವು. ಒಂದೇ ಗಿರಾಕಿಯನ್ನು ನಂಬಿದ ಅಂಗಡಿಯ ಪಾಡು 1991ರಲ್ಲಿ ತಿಳಿಯಿತು: ಆ ದೇಶವೇ ಇಲ್ಲವಾಯಿತು, ಎಷ್ಟೋ ಷೆಡ್ಡುಗಳಿಗೆ ಬೀಗ ಬಿತ್ತು.

ಮನುಷ್ಯರು ಎಳೆದ ಗೆರೆಯನ್ನು ಗಾಳಿಯೂ ನೆಲವೂ ಗಣಿಸಲಿಲ್ಲ. 1998ರ ಜೂನ್ 9ರಂದು ಚಂಡಮಾರುತ ಸಮುದ್ರವನ್ನೇ ಕಾಂಡ್ಲಾದ ಮೇಲೆ ತಂದಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳ ಮಂದಿ ತಗ್ಗುನೆಲದ ಗುಡಿಸಲುಗಳಲ್ಲಿದ್ದ ಉಪ್ಪಿನ ಗದ್ದೆಯ ಕೂಲಿಗಳು, ಬಂದರಿನ ಆಳುಗಳು. ಎಷ್ಟೋ ಜನರ ಹೆಸರು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಒಂದು ಗೋಣಿ ಸರಕಿಗೂ ಪಟ್ಟಿಯಿಡುವ ಊರಿನಲ್ಲಿ ನಡೆದದ್ದು ಇದು! ಮೂರು ವರ್ಷ ತುಂಬುವ ಮೊದಲೇ, 2001ರ ಜನವರಿ 26ರ ಬೆಳಿಗ್ಗೆ, ಕಚ್ಛದ ಭೂಕಂಪ ಗಾಂಧೀಧಾಮದ ಮನೆಗಳನ್ನುರುಳಿಸಿತು. ಬಂದರಿನ ದಡದಲ್ಲಿದ್ದ, ಸುಂಕದ ಕಚೇರಿಯ ಗೋಪುರವೂ ನೆಲದೊಳಗಿನ ಮರಳು ಸಡಿಲವಾಗಿ ಒಂದು ಪಕ್ಕಕ್ಕೆ ವಾಲಿತು. ಆ ವಾಲಿದ ಗೋಪುರದ ಮೇಲೆ ಇಂಜಿನಿಯರರು ಪ್ರಬಂಧಗಳನ್ನು ಬರೆದಿದ್ದಾರೆ.

ಈ ವೇಳೆಗಾಗಲೇ ಹೆಸರು ಬದಲಾಗಿತ್ತು. 2000ದಲ್ಲಿ ಕಾಂಡ್ಲಾ ‘ವಿಶೇಷ ಆರ್ಥಿಕ ವಲಯ’ವಾಯಿತು, 2005ರಲ್ಲಿ ಇಂಥ ವಲಯಗಳಿಗೆಲ್ಲ ಒಂದೇ ಕಾಯಿದೆ ಬಂತು. ಆ ಕಾಯಿದೆಯಲ್ಲಿ ಮೆಚ್ಚತಕ್ಕ ಮಾತೊಂದಿದೆ. ಸುಂಕದ ಗೆರೆ ಸುಂಕಕ್ಕೆ ಮಾತ್ರ. ಕಾರ್ಮಿಕರ ಹಿತರಕ್ಷಣೆಯ ಕಾಯಿದೆಗಳನ್ನು ವಲಯಕ್ಕಾಗಿ ಸಡಿಲಿಸುವ ಅಧಿಕಾರವನ್ನು ಅದು ಕೇಂದ್ರಸರಕಾರಕ್ಕೆ ಕೊಟ್ಟಿಲ್ಲ.

ಕಾರ್ಖಾನೆದಾರರ ದೂರು ಬೇರೊಂದು. ಹೊರದೇಶದ ಗಿರಾಕಿ ಕೈಕೊಟ್ಟಾಗ ಮಾಲನ್ನು ಒಳನಾಡಿಗೆ ಮಾರೋಣವೆಂದರೆ, ಕಾಯಿದೆಯ ಮೂಲ ನಿಯಮದಂತೆ ಪೂರ್ಣ ವಸ್ತುವಿನ ಬೆಲೆಯ ಮೇಲೆ ಸುಂಕ ಬೀಳುತ್ತದೆ. ಮೊದಲಿನ ಲೆಕ್ಕದಲ್ಲಿ 100 ಲಕ್ಷದ ಕಚ್ಚಾಮಾಲು 200 ಲಕ್ಷದ ವಸ್ತುವಾಗಿದ್ದು, ಅದಕ್ಕೂ ಸುಂಕ ನೂರಕ್ಕೆ 10 ಆಗಿದ್ದರೆ, ಅವನು ತೆರುವುದು 20 ಲಕ್ಷ. ಭಾರತದ ಕೂಲಿ, ಭಾರತದ ಮೊಳೆ ಎಲ್ಲಕ್ಕೂ ಆಮದು ಸುಂಕ! ಇತ್ತ ಒಪ್ಪಂದವಿರುವ ದೇಶದಿಂದ ಅಂಥದೇ ವಸ್ತು ಸುಂಕವಿಲ್ಲದೆ ಬಂದು ಪೇಟೆಯಲ್ಲಿ ಕುಳಿತಿರುವುದೂ ಉಂಟು. ಅಮೆರಿಕದವರು ಇದಕ್ಕೆ ಬೇರೆ ದಾರಿ ಕಂಡುಕೊಂಡರು. ಅಲ್ಲಿಯ ಕಾಯಿದೆ 1934ರದು. ಮೊದಲ ವಲಯ 1937ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿ ತೆರೆಯಿತು. 1950ರ ತಿದ್ದುಪಡಿಯ ನಂತರ ವಸ್ತುಗಳನ್ನು ತಯಾರಿಸಲೂ ಅವಕಾಶವಾಯಿತು. ಬಿಡಿಭಾಗದ ಸುಂಕ ಹೆಚ್ಚು, ಪೂರ್ಣ ವಸ್ತುವಿನ ಸುಂಕ ಕಡಿಮೆ ಎಂದಿದ್ದರೆ, ಕಾರ್ಖಾನೆದಾರನು ಅಪ್ಪಣೆ ಪಡೆದು ಕಡಿಮೆಯ ದರದಲ್ಲಿಯೇ, ಅದೂ ಪರದೇಶದ ಭಾಗದ ಬೆಲೆಯ ಮೇಲೆ ಮಾತ್ರ, ಕಟ್ಟಬಹುದು. ಅಲ್ಲಿಯ ಮೋಟಾರು ಕಾರಖಾನೆಗಳು ಈ ಜಾಣತನದಿಂದ ಬಹಳ ಉಳಿಸಿದವು. 2018ರಿಂದೀಚೆಗೆ ಅಲ್ಲಿಯ ಸರಕಾರ ಹೇರಿದ ಹಲವು ವಿಶೇಷ ಸುಂಕಗಳಿಗೆ ಮಾತ್ರ ಈ ಆಯ್ಕೆ ಸಲ್ಲುವುದಿಲ್ಲ.

ಸುಂಕದ ಗೆರೆಯ ಕೆಲಸವನ್ನು ಕಣ್ಣಿಂದಲೇ ಕಾಣಬೇಕಾದರೆ ಕಾಂಡ್ಲಾದ ಹಳೆಬಟ್ಟೆಯ ಷೆಡ್ಡುಗಳಿಗೆ ಹೋಗಬೇಕು. ಅಮೆರಿಕ, ಕೆನಡಾ, ಯೂರೋಪುಗಳ ಜನ ಉಟ್ಟು ಬಿಟ್ಟ ಬಟ್ಟೆ ಹಡಗಿನಲ್ಲಿ ಬೇಲು ಬೇಲಾಗಿ ಇಲ್ಲಿಗೆ ಬರುತ್ತದೆ. ಕಟ್ಟು ಬಿಚ್ಚಿದರೆ ಬೆಟ್ಟದಷ್ಟು ಬಟ್ಟೆ. ಅದರ ಮುಂದೆ ನಿಂತು ಆರಿಸುವವರು ಹೆಚ್ಚಾಗಿ ಹೆಂಗಸರು. ಕೋಟು, ಜೀನ್ಸು, ಮಕ್ಕಳ ಅಂಗಿ, ಉಣ್ಣೆಯ ಸ್ವೆಟರು, ಹತ್ತಿಯ ಹಾಸುಬಟ್ಟೆ. ಅದರಲ್ಲಿ ಮತ್ತೆ ಉತ್ತಮ, ಮಧ್ಯಮ, ಹರಕು. ಬೆರಳು ತಗುಲಿದ ಕ್ಷಣದಲ್ಲಿಯೇ ನೂಲಿನ ಜಾತಿ ತಿಳಿಯಬೇಕು, ಕೈ ಮುಂದಿನದಕ್ಕೆ ಹೋಗಬೇಕು. ಹಿಮ ಬೀಳುವ ನಾಡಿನವರು ತೊಡುವ ದಪ್ಪ ಮೇಲಂಗಿಯನ್ನು ಕಚ್ಛದ ಮೇ ತಿಂಗಳ ಬಿಸಿಲಿನಲ್ಲಿ ಹಿಡಿದು ನೋಡುವ ಆ ಹೆಂಗಸಿಗೆ, ಇದನ್ನು ತೊಡುವ ಚಳಿಯಾದರೂ ಎಂಥದಿರಬಹುದೆಂಬ ಯೋಚನೆ ಒಮ್ಮೆಯಾದರೂ ಬಾರದಿರುತ್ತದೆಯೇ?

ಆರಿಸಿದ ಮೇಲೆ ದಾರಿಗಳು ಕವಲೊಡೆಯುತ್ತವೆ. ಚೆನ್ನಾಗಿರುವುದನ್ನು ಮತ್ತೆ ಬೇಲು ಕಟ್ಟಿ ಹೊರದೇಶಗಳಿಗೆ, ಬಹುಪಾಲು ಆಫ್ರಿಕಕ್ಕೆ, ಕಳುಹಿಸುತ್ತಾರೆ. ಅದು ಭಾರತಕ್ಕೆ ಬಂದೂ ಬಂದಂತಲ್ಲ; ಸುಂಕವಿಲ್ಲ. ತೊಡಬಹುದಾದ ಹಳೆಯ ಉಡುಪನ್ನು ಒಳನಾಡಿಗೆ ಬಿಟ್ಟರೆ ನಮ್ಮ ನೇಕಾರರ, ದರ್ಜಿಗಳ ಅನ್ನಕ್ಕೆ ಕುತ್ತೆಂದು ಸರಕಾರ ಅದಕ್ಕೆ ಬಿಗಿಯಾದ ಪರವಾನಗಿಯ ಬೇಲಿ ಹಾಕಿದೆ. ಚಿಂದಿಗೆ ಆ ಬೇಲಿಯಿಲ್ಲ. ಆದುದರಿಂದ ಉಳಿದ ಬಟ್ಟೆಗೆ ಕತ್ತರಿ ಬೀಳುತ್ತದೆ. ತೋಳು ಸೀಳಿ, ಬೆನ್ನು ಸೀಳಿ, ಯಾರೂ ತೊಡಲಾರದಂತೆ ಮಾಡಿದ ಮೇಲೆ ಅದು ‘ಉಡುಪು’ ಹೋಗಿ ‘ಚಿಂದಿ’ಯಾಗುತ್ತದೆ. ಬೆಲೆಯಿರುವುದನ್ನು ಕೆಡಿಸಿದರೆ ಮಾತ್ರ ಬಾಗಿಲು ತೆರೆಯುವ ಈ ಪದ್ಧತಿಯನ್ನು ಕಂಡು ಮೊದಲ ಸಲ ನೋಡುವವರಿಗೆ ಹೊಟ್ಟೆ ಉರಿಯುತ್ತದೆ. ಹೊಸದಾಗಿಯೇ ಕಾಣುವ ಅಂಗಿಯೂ ಆ ರಾಶಿಯಲ್ಲಿ ಸಿಕ್ಕೀತು. ಆದರೆ ಅದೇ ಅಂಗಿ ಇಡಿಯಾಗಿ ಪೇಟೆಗೆ ಬಂದರೆ ಕೈಮಗ್ಗದವನ ಬಟ್ಟೆಯನ್ನು ಕೇಳುವವರಾರು ಎಂಬ ಪ್ರಶ್ನೆಯೂ ಸುಳ್ಳಲ್ಲ.

ಚಿಂದಿಯ ಲಾರಿ ಬಾಗಿಲಲ್ಲಿ ತನ್ನ ಸುಂಕ ಕಟ್ಟಿ ಹೊರಬಿದ್ದು, ಉಪ್ಪಿನ ರಾಶಿಗಳ ನಡುವೆ ಹಾದು, ಹರಿಯಾಣದ ಪಾಣಿಪತ್ತಿನತ್ತ ಸಾಗುತ್ತದೆ. ಅಲ್ಲಿ ಬೇರೆ ಹೆಂಗಸರು ಕುಳಿತು ಗುಂಡಿ, ಜಿಪ್ಪುಗಳನ್ನು ಕಿತ್ತು, ಬಣ್ಣ ಬಣ್ಣಕ್ಕೆ ಬೇರೆ ಗುಡ್ಡೆ ಹಾಕುತ್ತಾರೆ. ಗಿರಣಿ ಅದನ್ನು ಎಳೆಎಳೆಯಾಗಿ ಹರಿದು ಮತ್ತೆ ನೂಲಾಗಿಸುತ್ತದೆ, ನೂಲು ಕಂಬಳಿಯಾಗುತ್ತದೆ. ಭೂಕಂಪ, ನೆರೆಹಾವಳಿಗಳಾದ ಕಡೆ ನಿರಾಶ್ರಿತರಿಗೆ ಹಂಚುವ ಅಗ್ಗದ ಕಂಬಳಿಗಳು ದಶಕಗಳ ಕಾಲ ಪಾಣಿಪತ್ತಿನಿಂದ ದೇಶದೇಶಗಳಿಗೆ ಹೋಗಿವೆ. ಈಚೆಗೆ ಪಾಲಿಯೆಸ್ಟರಿನ ನುಣುಪು ಹೊದಿಕೆ ಬಂದು ಆ ವ್ಯಾಪಾರವನ್ನು ತಗ್ಗಿಸಿದೆ. ಆದರೂ ಕಾಂಡ್ಲಾದಲ್ಲಿ ಬೇಲು ಬಿಚ್ಚುವುದು ನಿಂತಿಲ್ಲ.