ಶೇಣಿಯವರು ಮಾತು ನಿಲ್ಲಿಸಿದ ದಿನಗಳು

ನಮ್ಮ ಅಪ್ಪ ಹುಟ್ಟಿದ್ದು ಕುಂಬಳೆಯ ಸಮೀಪದ ಒಂದು ಹಳ್ಳಿಯಲ್ಲಿ. ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. 1956ರಲ್ಲಿ ಕಾಸರಗೋಡು ಕೇರಳದ ಪಾಲಾಯಿತು. ಅಮ್ಮ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ನಾವಿಬ್ಬರೂ ಸೇರಿ ಅವರನ್ನು ಕ್ರೋಂಪೇಟೆಗೆ ಕರೆತಂದಾಗ, "ಹಳೆಯ ರಾಜಧಾನಿಗೇ ಬಂದಂತಾಯಿತು" ಎಂದು ನಕ್ಕಿದ್ದರು. ಆದರೆ ತಮಿಳು ಅವರಿಗೆ ಒಗ್ಗಲಿಲ್ಲ. ಕಿವಿಯೂ ಮಂದವಾಗುತ್ತ ಬಂತು.

ವಯಸ್ಸಿನ ಕಿವುಡಿನಲ್ಲಿ ಮೊದಲು ಕಳೆದುಹೋಗುವುದು ಏರುಶ್ರುತಿಯ ಸದ್ದುಗಳು. ಸ, ಶ, ತ, ಪಗಳ ಅಂಚು ಅಳಿಸಿ ಸ್ವರಗಳ ಗುಂಯ್‌ಗುಡುವಿಕೆ ಮಾತ್ರ ಉಳಿಯುತ್ತದೆ. ಮದ್ದಳೆಯ ಪೆಟ್ಟು ಕೇಳುತ್ತದೆ, ಅರ್ಥ ಕೇಳುವುದಿಲ್ಲ. ತಾಳಮದ್ದಳೆಯನ್ನೇ ಉಂಡು ಬೆಳೆದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ನಷ್ಟವೇನಿದ್ದೀತು? ಕಿವಿಯ ಯಂತ್ರವನ್ನು ಅವರು ಮೇಜಿನ ಡ್ರಾಯರಿನಲ್ಲಿಟ್ಟು ಮರೆತರು. ಫ್ಲ್ಯಾಟಿನಲ್ಲಿ ಸದ್ದು ಏರಿಸಿದರೆ ನೆರೆಯವರು ಗೋಡೆ ಬಡಿಯುತ್ತಿದ್ದರು.

ಉಳಿದದ್ದು ನಮ್ಮ ಹಳೆಯ ಕಾರು. ಮುಂದಿನ ಸೀಟಿನ ಕೆಳಗೆ ಎಂದೋ ಹಾಕಿಸಿದ್ದ ಆಂಪ್ಲಿಫೈಯರ್ ಇತ್ತು. ಕಾರಿನ ಸ್ಟೀರಿಯೋ ಒಂದನ್ನೇ ಎತ್ತರಿಸಿದರೆ ದನಿ ಒಡೆದು ಮಾತು ಮುದ್ದೆಯಾಗುತ್ತದೆ. ಆಂಪ್ಲಿಫೈಯರ್ ಇದ್ದರೆ ಅಷ್ಟೇ ಎತ್ತರದಲ್ಲೂ ಅಕ್ಷರ ಅಕ್ಷರವಾಗಿ ಕೇಳಿಸುತ್ತದೆ. ಕಿಟಕಿ ಏರಿಸಿ, ಟ್ರೆಬಲ್ ಹೆಚ್ಚಿಸಿ, ಭಾನುವಾರ ಬೆಳಿಗ್ಗೆ ಜಿ.ಎಸ್.ಟಿ. ರಸ್ತೆಯಲ್ಲಿ ವಂಡಲೂರಿನವರೆಗೆ ಹೋಗಿ ಬರುವುದು ನಮ್ಮ ಪದ್ಧತಿಯಾಯಿತು. ಹಳೆಯ ಕ್ಯಾಸೆಟ್ಟುಗಳಿಂದ ಪೆನ್‌ಡ್ರೈವಿಗೆ ಇಳಿಸಿಕೊಂಡಿದ್ದ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ಹರಿಯುತ್ತಿತ್ತು. ವಾಲಿ ರಾಮನನ್ನು ಪ್ರಶ್ನಿಸುವಲ್ಲಿ ಅಪ್ಪ ತೊಡೆ ತಟ್ಟುತ್ತಿದ್ದರು, ಎದುರು ವಾದವನ್ನೂ ಹೂಡುತ್ತಿದ್ದರು. ವಾರವಿಡೀ ನಾವು ಅವರ ಬಾಯಿಂದ ಕೇಳಿದ ಮಾತು ಅಷ್ಟೇ.

ಒಂದು ಭಾನುವಾರ ಸದ್ದೇ ಇಲ್ಲ. ಆಂಪ್ಲಿಫೈಯರಿನ ಹಸಿರು ದೀಪದ ಜಾಗದಲ್ಲಿ ಕೆಂಪು ದೀಪ. "ಎಂತದು, ಶೇಣಿಯವರು ಇವತ್ತು ಮಾತಾಡುವುದಿಲ್ಲವೋ?" ಎಂದರು ಅಪ್ಪ.

ಒಂದು ಅಂಗಡಿಯಲ್ಲಿ ಟ್ರಾನ್ಸಿಸ್ಟರ್ ಬದಲಿಸಿ ಕೊಟ್ಟರು. ಎರಡೇ ವಾರ, ಮತ್ತೆ ಕೆಂಪು. "ಇದು ಮುಗಿಯಿತು, ಹೊಸದು ಹಾಕಿಸಿ" ಎಂದರು. ಹಾಕಿಸಿಬಿಡುತ್ತಿದ್ದೆವು ಕೂಡ. ಆದರೆ ರೈಲು ನಿಲ್ದಾಣದ ಬಳಿ ಚಿಕ್ಕ ಕೋಣೆಯಲ್ಲಿ ಕುಳಿತು ರಿಪೇರಿ ಮಾಡುವ ಒಬ್ಬ ಹಿರಿಯರನ್ನು ಯಾರೋ ಸೂಚಿಸಿದರು.

ಅವರು ಮೊದಲು ಬ್ಯಾಟರಿಯ ಬಳಿಯ ಫ್ಯೂಸ್ ನೋಡಿದರು, ಅರ್ತಿಂಗ್ ತಂತಿ ಸಡಿಲವಿದೆಯೇ ಎಂದು ಎಳೆದರು. ಸ್ಪೀಕರ್ ತಂತಿಗಳನ್ನೆಲ್ಲ ಕಳಚಿ ಮತ್ತೆ ಚಾಲೂ ಮಾಡಿದರು. ದೀಪ ಹಸಿರಾಗಿದ್ದರೆ ದೋಷ ಹೊರಗೆ. ಕೆಂಪಾಗಿಯೇ ಉಳಿಯಿತು, ಎಂದರೆ ಒಳಗೂ ಸುಟ್ಟಿದೆ. ಮುಚ್ಚಳ ತೆಗೆದರು. ಬ್ಯಾಟರಿಯ 12 ವೋಲ್ಟ್ ದೊಡ್ಡ ಸದ್ದಿಗೆ ಸಾಲದು; ಒಳಗಿರುವ ಮಾಸ್‌ಫೆಟ್‌ಗಳು ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು, ಉಂಗುರದಾಕಾರದ ಟ್ರಾನ್ಸ್‌ಫಾರ್ಮರಿಗೆ ಕೊಟ್ಟು ಏರಿಸುತ್ತವೆ. ಅವು ಸರಿಯಾಗಿದ್ದವು. ಸತ್ತಿದ್ದದ್ದು ಮುಂದಿನ ಎಡ ಸ್ಪೀಕರಿಗೆ ಹೋಗುವ ಔಟ್‌ಪುಟ್ ಟ್ರಾನ್ಸಿಸ್ಟರುಗಳು. ಹಿಂದಿನ ಸಲವೂ ಅವೇ.

ಅವರು ಬೆಸುಗೆ ಕಡ್ಡಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಮಲ್ಟಿಮೀಟರ್ ಹಿಡಿದು ಕಾರಿನತ್ತ ನಡೆದರು. ಎಡ ಸ್ಪೀಕರಿನ ತಂತಿಗೆ ಒಂದು ಮೊನೆ, ಕಾರಿನ ಲೋಹಕ್ಕೆ ಇನ್ನೊಂದು. ಬಾಗಿಲನ್ನು ನಿಧಾನವಾಗಿ ತೆರೆಯಲು ನಮಗೆ ಹೇಳಿದರು. ಅರ್ಧದವರೆಗೆ ಮೌನ. ಪೂರ್ತಿ ತೆರೆದಾಗ ಮೀಟರು ಬೀಪ್ ಎಂದಿತು. ಕೀಲಿನ ಸಂದಿಯಲ್ಲಿ ರಬ್ಬರಿನ ಕೊಳವೆ ಹರಿದು, ತಂತಿಯ ಹೊದಿಕೆ ಸವೆದು, ತಾಮ್ರ ಲೋಹಕ್ಕೆ ತಾಗುತ್ತಿತ್ತು. ಹೊಸದು ಹಾಕಿಸಿದ್ದರೆ ಅದೂ ಸುಡುತ್ತಿತ್ತು.

"ಈ ಬಾಗಿಲನ್ನು ಯಾರು ಇಷ್ಟು ಜೋರಾಗಿ ತಳ್ಳುತ್ತಾರೆ?" ಎಂದು ಅವರು ತಮಿಳಿನಲ್ಲಿ ಕೇಳಿದರು. ನಾವಿಬ್ಬರೂ ಪರಸ್ಪರ ಮುಖ ನೋಡಿಕೊಂಡೆವು. ಮೊಣಕಾಲು ಮಡಚದ ಅಪ್ಪ ಬಾಗಿಲಿನ ಮೇಲೆ ಭಾರ ಬಿಟ್ಟು, ಅದನ್ನು ಕೊನೆಯವರೆಗೆ ನೂಕಿ ಇಳಿಯುತ್ತಿದ್ದರು. ಅವರು ಇಳಿಯುವ ಹೊತ್ತಿಗೆ ಶೇಣಿಯವರು ಇನ್ನೂ ಮಾತಾಡುತ್ತಲೇ ಇರುತ್ತಿದ್ದರು. ಮಾತು ಮುಗಿಯದೆ ಯಂತ್ರ ನಿಲ್ಲಿಸಲು ಅಪ್ಪ ಬಿಡುತ್ತಿರಲಿಲ್ಲ.

ಲೋಕಲ್ ರೈಲು ಹಿಡಿದು ಮೌಂಟ್ ರೋಡಿನ ಪಕ್ಕದ ರಿಚಿ ಸ್ಟ್ರೀಟಿನಿಂದ ಟ್ರಾನ್ಸಿಸ್ಟರುಗಳನ್ನು ನಾವೇ ತಂದೆವು. ಹಿರಿಯರು ಅವುಗಳ ಬೆನ್ನಿಗೆ ಹೊಸ ಅಭ್ರಕದ ಹಾಳೆಯಿಟ್ಟು ಕೂರಿಸಿ, ಬ್ಯಾಟರಿಗೂ ಯಂತ್ರಕ್ಕೂ ನಡುವೆ ಕಾರಿನದೇ ಒಂದು ಬಲ್ಬನ್ನು ಸರಣಿಯಲ್ಲಿ ಜೋಡಿಸಿದರು. ಒಳಗೆ ಇನ್ನೂ ಶಾರ್ಟ್ ಇದ್ದರೆ ಬಲ್ಬು ಉರಿಯುತ್ತದೆ, ಟ್ರಾನ್ಸಿಸ್ಟರು ಉಳಿಯುತ್ತದೆ. ಬಲ್ಬು ಒಮ್ಮೆ ಮಿಂಚಿ ಮಂಕಾಯಿತು. ಹಸಿರು ದೀಪ ಬಂತು. ಬಾಗಿಲಿನ ತಂತಿಗೆ ಹೊಸ ರಬ್ಬರ್ ಕೊಳವೆ ತೊಡಿಸಿದರು.

ಕಾರಣವನ್ನು ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ಕಾರು ಹತ್ತುವುದನ್ನೇ ಬಿಟ್ಟಾರು. ಅವರ ಸ್ವಭಾವ ನಮಗೆ ಗೊತ್ತು. ಬದಲಿಗೆ, ಮನೆ ಮುಟ್ಟಿದೊಡನೆ ನಮ್ಮಲ್ಲೊಬ್ಬರು ಓಡಿಬಂದು ಬಾಗಿಲು ತೆಗೆದು ಕೈ ಕೊಡುತ್ತೇವೆ.

"ಎಂತ, ಈಗೀಗ ನನಗೆ ಭಾರೀ ಮರ್ಯಾದೆ?" ಎಂದರು ಮೊನ್ನೆ. ಕೆಳಗಿಳಿಯಲಿಲ್ಲ. ವಾಲಿಯ ಮಾತು ಇನ್ನೂ ಮುಗಿದಿರಲಿಲ್ಲ.